ಕತ್ತಿ ಹಿಡಿಯದ ಹೆಣ್ಣಿಗೆ ಪೀಠವೆಲ್ಲಿ?

ಅತ್ತಿಬೆಲೆಯ ಹಾಗೆ ಪೋಲೆಂಡಿನ ಸ್ಲುಬಿತ್ಸೆಯೂ ಗಡಿ ಊರು. ನಮಗೆ ಗಡಿಯಾಚೆ ತಮಿಳುನಾಡಿನ ಹೊಸೂರು. ಅವರಿಗೆ ಓಡರ್ ಹೊಳೆ ದಾಟಿದರೆ ಜರ್ಮನಿ. ವಿಕಿಪೀಡಿಯಕ್ಕೆ ಬಿಡಿಗಾಸೂ ಪಡೆಯದೆ ಬರೆಯುವ, ಹೆಸರು ಹೇಳಿಕೊಳ್ಳದ ಸಾವಿರಾರು ಮಂದಿಗೆಂದು 2014ರ ಅಕ್ಟೋಬರ್ 22ರಂದು ಅಲ್ಲೊಂದು ಸ್ಮಾರಕ ಅನಾವರಣಗೊಂಡಿತು. ಶಿಲ್ಪಿ ಮಿಹ್ರಾನ್ ಹಕೋಬ್ಯಾನ್. ನಾಲ್ಕು ಬೆತ್ತಲೆ ದೇಹಗಳು ವಿಕಿಪೀಡಿಯದ ಗೋಳವನ್ನು ಎತ್ತಿ ಹಿಡಿದಿವೆ. ಕೂತು ಆಕರ ಹುಡುಕುವ, ಕಾಗುಣಿತ ತಿದ್ದುವ, ಅಪರಾತ್ರಿಯಲ್ಲಿ ಅಪರಿಚಿತರೊಡನೆ ವಾದಕ್ಕಿಳಿಯುವ ಕೆಲಸದ ಸುಳಿವು ಮಾತ್ರ ಎಲ್ಲೂ ಇಲ್ಲ. ಬರೀ ಮೈ ತೋರಿಸಿದರೆ ಹೆಣ್ಣು ಚೆಲುವೆಯಾಗಿಯೇ ಉಳಿಯುತ್ತಾಳೆ. ಕೆಲಸ ತೋರಿಸಿದರಷ್ಟೇ ಅವಳೂ ಬರೆದವಳೆಂಬುದು ಕಾಣುತ್ತದೆ.

ನಾವೇನೂ ಬೀಗುವಂತಿಲ್ಲ. ಬೆಂಗಳೂರಿನ ಸುತ್ತಣ ಊರುಗಳ ವೀರಗಲ್ಲುಗಳನ್ನು ನೋಡಿ. ಗಂಡು ಕಾದಾಡಿ ಸಾಯುತ್ತಾನೆ, ಅಪ್ಸರೆಯರು ಅವನನ್ನು ಸ್ವರ್ಗಕ್ಕೆ ಕರೆದೊಯ್ಯುತ್ತಾರೆ. ಸತಿಹೋದವರಿಗೆ ನಿಲ್ಲಿಸಿದ ಎಷ್ಟೋ ಮಾಸ್ತಿಗಲ್ಲುಗಳಲ್ಲಂತೂ ಇಡೀ ಹೆಂಗಸು ಒಂದು ತೋಳಿಗೆ ಇಳಿದಿದ್ದಾಳೆ: ಮಡಿಸಿದ ಮೊಣಕೈ, ಮೇಲೆತ್ತಿದ ಅಂಗೈ, ಮುಂಗೈಗೆ ಬಳೆ. ಇಂದಿನ ಪ್ರತಿಮೆಗಳಲ್ಲಿ ಕುದುರೆಯೇರಿದ ಕಿತ್ತೂರು ಚೆನ್ನಮ್ಮ, ಒನಕೆ ಹಿಡಿದ ಓಬವ್ವ, 2025ರ ಜನವರಿಯಲ್ಲಿ ವಿಧಾನಸೌಧದ ಆವರಣಕ್ಕೆ ಬಂದ ಭುವನೇಶ್ವರಿ. ರಾಣಿ, ವೀರವನಿತೆ, ದೇವಿ. (ಒನಕೆ ಏನೋ ದುಡಿಮೆಯ ಸಾಮಾನೇ, ಅದಕ್ಕೂ ರಕ್ತ ಹತ್ತಿದ ಮೇಲೆಯೇ ಪೀಠ ಸಿಕ್ಕಿತು.)

ವಿಕಿಪೀಡಿಯ ಸಂಪಾದಕರಲ್ಲಿ ಹೆಂಗಸರು ಶೇ 20ಕ್ಕಿಂತಲೂ ಕಡಿಮೆ ಎಂದು ಸಮೀಕ್ಷೆಗಳು ಹೇಳುತ್ತಲೇ ಬಂದಿವೆ. ಅದರ ಫಲವನ್ನೂ ಕಂಡಿದ್ದೇವೆ. ಡೊನಾ ಸ್ಟ್ರಿಕ್‌ಲ್ಯಾಂಡ್ ಅವರಿಗೆ 2018ರಲ್ಲಿ ಭೌತವಿಜ್ಞಾನದ ನೊಬೆಲ್ ಬಂದ ದಿನದವರೆಗೂ ಇಂಗ್ಲಿಷ್ ವಿಕಿಪೀಡಿಯದಲ್ಲಿ ಅವರ ಬಗ್ಗೆ ಒಂದು ಪುಟವಿರಲಿಲ್ಲ. ಅದೇ ವರ್ಷ ಒಬ್ಬರು ಬರೆದಿದ್ದ ಕರಡು ತಿರಸ್ಕೃತವಾಗಿತ್ತು. ಬರೆಯುವವಳು ಕಣ್ಣಿಗೆ ಬೀಳದಿದ್ದರೆ ಬರೆಸಿಕೊಳ್ಳಬೇಕಾದವಳೂ ಬೀಳುವುದಿಲ್ಲ.

ವಿಕಿಪೀಡಿಯಕ್ಕೆ ಬರೆಯುವವರಂತೆ ಹೆಸರಿಲ್ಲದ ಹೆಣ್ಣುಗಳ ಗುಂಪು ನಮ್ಮ ಅತ್ತಿಬೆಲೆಯ ಕಡೆಗೂ ಹೊಸದಲ್ಲ. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣ ಹಿಂಪಡೆಯುವುದಕ್ಕೆ ಮಿತಿ ಹಾಕಿದ ನಿಯಮದ ವಿರುದ್ಧ ಗಾರ್ಮೆಂಟ್ಸ್ ಹೆಂಗಸರು ನಾಯಕರಿಗೆ ಕಾಯದೆ ಇದೇ ಹೊಸೂರು ರಸ್ತೆಗಿಳಿದರು. ಕೇಂದ್ರ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು.

2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯಕ್ಕೆ ದುಡಿದವರಿಗಾಗಿ ಅತ್ತಿಬೆಲೆಯಲ್ಲಿ ಸ್ಮಾರಕ ನಿಲ್ಲಿಸುವ ಮನಸ್ಸು ಯಾರಿಗಾದರೂ ಬಂದರೆ, ದಯವಿಟ್ಟು ಇನ್ನೊಬ್ಬ ದೇವಿಯನ್ನು ತರಬೇಡಿ. ಕೊರಳಿಗೆ ಐಡಿ ಕಾರ್ಡ್ ಹಾಕಿಕೊಂಡು, ಕಂಪನಿ ಬಸ್ಸಿಗೆ ಕಾಯುತ್ತ, ಮೊಬೈಲಿನಲ್ಲಿ ಕನ್ನಡ ಟೈಪ್ ಮಾಡುವವಳನ್ನು ಕೂರಿಸಿ. ಪೀಠ ಎತ್ತರಿಸುವುದು ಬೇಡ, ಕತ್ತಿಯೂ ಬೇಡ.