8,150 ದಿನಗಳ ಲೆಕ್ಕ ಯಾರು ಕೊಡುತ್ತಾರೆ?

ಕಲಬುರಗಿಯ ಹುಡುಗನೊಬ್ಬ ಫಾರ್ಮಸಿ ಡಿಪ್ಲೊಮಾ ಎರಡನೇ ವರ್ಷದಲ್ಲಿದ್ದ. ಪರೀಕ್ಷೆಗೆ ಹದಿನೈದು ದಿನ ಉಳಿದಿತ್ತು. 1994ರ ಜನವರಿಯಲ್ಲಿ ಪೊಲೀಸರು ಎತ್ತಿಕೊಂಡು ಹೋಗಿ ರೈಲು ಸ್ಫೋಟದ ಕೇಸಿನಲ್ಲಿ ಸೇರಿಸಿದರು. ಅದೇ ವರ್ಷ ಅಣ್ಣನನ್ನೂ ಹಿಡಿದರು. ಅಜ್ಮೇರಿನ ಟಾಡಾ (ಭಯೋತ್ಪಾದನೆ ತಡೆ ಕಾಯ್ದೆ) ಕೋರ್ಟು ಜೀವಾವಧಿ ಶಿಕ್ಷೆ ಕೊಟ್ಟಿತು. 2016ರ ಮೇ 11ರಂದು ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಒಳಗೆ ಕಳೆದ ದಿನಗಳನ್ನು ಅವರು ಎಣಿಸಿಟ್ಟಿದ್ದರು: 8,150. ಹೋಗುವಾಗ ತಂಗಿಗೆ 12 ವರ್ಷ, ಬರುವಾಗ ತಂಗಿಯ ಮಗಳಿಗೆ 12. ಮಕ್ಕಳಿಗಾಗಿ ಕೋರ್ಟು ಅಲೆದ ತಂದೆ ಬದುಕಿರಲಿಲ್ಲ. ಜೈಪುರದ ಜೈಲಿನಿಂದ ಹೊರಬಂದಾಗ ಕಾಲು ಭಾರವಾಗಿ, ಬಿಡುಗಡೆಯಾಗಿದೆ ಎಂಬುದನ್ನೇ ಒಂದು ಕ್ಷಣ ಮರೆತಿದ್ದೆ ಎಂದು ಆಮೇಲೆ ಅವರು ಹೇಳಿದರು.

ಹೀಗೆ ಆಯುಷ್ಯ ಕಳೆದುಕೊಂಡವರಿಗೆ ಸರ್ಕಾರ ಪರಿಹಾರ ಕೊಡಲೇಬೇಕು ಎನ್ನುವ ಕಾನೂನು ನಮ್ಮಲ್ಲಿಲ್ಲ. ಈಗಿನ ದಂಡ ಪ್ರಕ್ರಿಯಾ ಸಂಹಿತೆಯಾದ ಬಿಎನ್‌ಎಸ್‌ಎಸ್‌ನ 399ನೇ ಕಲಂ ನೋಡಿ. ಆಧಾರವಿಲ್ಲದೆ ಬಂಧಿಸಿದರೆ ಹೆಚ್ಚೆಂದರೆ ಒಂದು ಸಾವಿರ ರೂಪಾಯಿ. ಅದನ್ನೂ ಕೊಡಬೇಕಾದ್ದು ಬಂಧನಕ್ಕೆ ಕಾರಣನಾದ ದೂರುದಾರ, ಸರ್ಕಾರವಲ್ಲ. ತಪ್ಪು ಮೊಕದ್ದಮೆಗೆ ಬಲಿಯಾದವರಿಗಾಗಿ ವಿಶೇಷ ನ್ಯಾಯಾಲಯ ಬೇಕು, ಹಣದ ಜೊತೆ ಆಪ್ತಸಮಾಲೋಚನೆ, ಕೌಶಲ ತರಬೇತಿಯೂ ಸಿಗಬೇಕು ಎಂದು ಕಾನೂನು ಆಯೋಗ 2018ರಲ್ಲೇ ತನ್ನ 277ನೇ ವರದಿಯಲ್ಲಿ ಹೇಳಿತ್ತು. ಐದು ವರ್ಷದ ನಂತರ ಸಂಸತ್ತು ಮುಖ್ಯ ಕ್ರಿಮಿನಲ್ ಕಾನೂನುಗಳನ್ನು ಹೊಸದಾಗಿ ಬರೆಯಿತು. ಆ ಸಾವಿರ ರೂಪಾಯಿ ಮಾತ್ರ ಹಾಗೇ ಉಳಿಯಿತು. ಇದನ್ನು ಮರೆವು ಎಂದು ನಾನು ಒಪ್ಪುವುದಿಲ್ಲ. ವರದಿ ಕೈಯಲ್ಲಿತ್ತು.

ಕಾನೂನಿಲ್ಲದ ಕಡೆ ಸಿಕ್ಕಿದವರಿಗೆ ಸಿಕ್ಕಿತು. ಸುಳ್ಳು ಕೇಸಿನಲ್ಲಿ ಸಿಲುಕಿದ್ದ ಇಸ್ರೋ ವಿಜ್ಞಾನಿ ನಂಬಿ ನಾರಾಯಣನ್ ಅವರಿಗೆ ಸುಪ್ರೀಂ ಕೋರ್ಟ್ 2018ರಲ್ಲಿ 50 ಲಕ್ಷ ಕೊಡಿಸಿತು, ಅದು ನ್ಯಾಯವೇ. ಆದರೆ ಅಕ್ಷರಧಾಮ ದೇಗುಲದ ಮೇಲಿನ ದಾಳಿ ಪ್ರಕರಣದಲ್ಲಿ ಖುಲಾಸೆಯಾದ ಆರು ಮಂದಿ ಅದೇ ಬಾಗಿಲು ತಟ್ಟಿದಾಗ, 2016ರಲ್ಲಿ, ಬರಿಗೈಲಿ ಮರಳಿದರು.

‘ಸಂಶಯದ ಲಾಭದಲ್ಲಿ ಬಿಟ್ಟವರೆಲ್ಲ ನಿರಪರಾಧಿಗಳೇನಲ್ಲ, ಅವರಿಗೇಕೆ ತೆರಿಗೆಹಣ?’ ಎಂದು ಕೇಳುವವರಿದ್ದಾರೆ. ಅಪರಾಧ ಸಾಬೀತಾಗುವವರೆಗೆ ಎಲ್ಲರೂ ನಿರಪರಾಧಿಗಳು. ಕಲಬುರಗಿಯ ಹುಡುಗನ ಕೇಸಿನಲ್ಲಿ ಸಾಬೀತು ಮಾಡಲು ಪೊಲೀಸರಿಗೆ ಇಪ್ಪತ್ತೆರಡು ವರ್ಷ ಸಿಕ್ಕಿತ್ತು. ಅದೂ ಇರಲಿ, ಸಂಶಯಕ್ಕೆ ಎಡೆಯೇ ಇಲ್ಲದ ಕಡೆ ಏನಾಯಿತು? ಕುಶಾಲನಗರ ಕಡೆಯ ಆದಿವಾಸಿ ಕೂಲಿಯೊಬ್ಬರು ಹೆಂಡತಿಯನ್ನು ಕೊಂದ ಆರೋಪದಲ್ಲಿ, ವಿಚಾರಣೆ ಮುಗಿಯುವ ಮೊದಲೇ, ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿದ್ದರು. ಎಲ್ಲೋ ಸಿಕ್ಕ ಅಸ್ಥಿಪಂಜರ ಆಕೆಯದೆಂದು ಪೊಲೀಸರು ಆರೋಪಪಟ್ಟಿ ಹಾಕಿದ್ದರು. 2025ರ ಏಪ್ರಿಲ್‌ನಲ್ಲಿ ಆ ಹೆಂಡತಿ ಮಡಿಕೇರಿಯ ಹೋಟೆಲಿನಲ್ಲಿ ಊಟ ಮಾಡುತ್ತಿರುವುದು ಕಣ್ಣಿಗೆ ಬಿತ್ತು. ಮೈಸೂರಿನ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿ ಒಂದು ಲಕ್ಷ ಕೊಡಲು ಹೇಳಿತು. ಅಷ್ಟು ಸಾಲದೆಂದು ಆ ಬಡವ ಮತ್ತೆ ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು.

ದೆಹಲಿಯ ದಾರಿ ಕಾಯುವುದು ಬೇಡ. ದಂಡ ಪ್ರಕ್ರಿಯೆ ಸಮವರ್ತಿ ಪಟ್ಟಿಯಲ್ಲಿದೆ, ನಮ್ಮ ವಿಧಾನಮಂಡಲವೇ ಮಸೂದೆ ತರಬಹುದು. ಕಂಬಿ ಎಣಿಸಿದ ಪ್ರತಿ ದಿನಕ್ಕೂ ಮೊತ್ತ ನಿಗದಿಯಾಗಲಿ, ಕನಿಷ್ಠ ಕೂಲಿಗಿಂತ ಒಂದು ಪೈಸೆಯೂ ಕಡಿಮೆ ಬೇಡ. ಚಿಕಿತ್ಸೆಯ ಖರ್ಚು ಬೇರೆ. ಸುಳ್ಳು ಸಾಕ್ಷ್ಯ ಕಟ್ಟಿದ ಅಧಿಕಾರಿಯ ಸಂಬಳದಿಂದಲೂ ಪಾಲು ವಸೂಲಾಗಲಿ. ಬಿಡುಗಡೆಯ ಆದೇಶದ ಜೊತೆಗೇ ಹಣದ ಆದೇಶವೂ ಜೈಲಿಗೆ ತಲುಪಬೇಕು. ಅದಕ್ಕಾಗಿ ಬಿಡುಗಡೆಯಾದವರು ಇನ್ನೊಂದು ವಕಾಲತ್ತಿಗೆ ಸಹಿ ಹಾಕುವಂತಾಗಬಾರದು.