ಮನಸ್ಸಿನ ನೋವಿಗೂ ಸಂಘದ ಬಾಗಿಲು ತೆರೆದಿರಲಿ



ಪ್ರತಿ ವರ್ಷ ಅಕ್ಟೋಬರ್ 10 ವಿಶ್ವ ಮಾನಸಿಕ ಆರೋಗ್ಯ ದಿನ. ದಸರಾ ಮತ್ತು ರಾಜ್ಯೋತ್ಸವಗಳ ಸಿದ್ಧತೆಯ ನಡುವೆ ಬರುವ ಈ ದಿನಕ್ಕೆ ಕೊಲ್ಲಿಯ ಕನ್ನಡ ಸಂಘಗಳ ಕಾರ್ಯಕ್ರಮಪಟ್ಟಿಯಲ್ಲಿ ಸ್ಥಾನ ದೊರೆಯುವುದು ವಿರಳ. ರಕ್ತದಾನ ಶಿಬಿರ, ಮಧುಮೇಹ ತಪಾಸಣೆಗಳಿಗೆ ಉತ್ಸಾಹದಿಂದ ಮುಂದಾಗುವ ಸಮುದಾಯವು ಮನಸ್ಸಿನ ಕಾಯಿಲೆಯ ಮಾತು ಬಂದೊಡನೆ ದನಿ ತಗ್ಗಿಸುತ್ತದೆ. ಈ ವಿಷಯವನ್ನು ಜ್ವರದಷ್ಟೇ ಸಹಜವಾಗಿ ಮಾತನಾಡಬಲ್ಲ, ಅದಕ್ಕಾಗಿ ತರಬೇತಿ ಪಡೆದ ಮೂರು ನಾಲ್ಕು ಮಂದಿ ಪ್ರತಿ ಸಂಘದಲ್ಲಿಯೂ ಇರಬೇಕು ಎಂಬುದು ನಮ್ಮ ದೃಢ ಅಭಿಪ್ರಾಯ.

ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ಪ್ರಾಣ ಹೋಗುತ್ತದೆ ಎಂಬ ಮಾತು ನಮ್ಮಲ್ಲಿ ರೂಢಿಯಲ್ಲಿದೆ. ಎಮಿರೇಟ್ಸ್‌ನಲ್ಲಿ ಮಾನದ ಜೊತೆಗೆ ವೀಸಾದ ಭಯವೂ ಸೇರಿಕೊಂಡಿದೆ. ಕೆಲಸ ಹೋದರೆ ವೀಸಾ ಹೋಗುತ್ತದೆ; ಅದರ ಹಿಂದೆಯೇ ಮಕ್ಕಳ ಶಾಲೆ, ಮನೆಯ ಬಾಡಿಗೆ ಕರಾರು, ಊರಿನ ಸಾಲದ ಕಂತು ಎಲ್ಲವೂ ಅಲುಗಾಡುತ್ತವೆ. ಸೋನಾಪುರ ಅಥವಾ ಮುಸಫ್ಫಾದ ಹಂಚಿಕೆಯ ಕೊಠಡಿಯಲ್ಲಿ ಮಲಗುವ ಕರಾವಳಿಯ ಯುವಕನಿಗೆ ಅಳಲೂ ಏಕಾಂತವಿಲ್ಲ. ಬೆಂಗಳೂರಿನ ಉದ್ಯೋಗ ಬಿಟ್ಟು ಗಂಡನ ವೀಸಾದ ಮೇಲೆ ಬಂದ ಹೆಣ್ಣುಮಗಳಿಗೆ ಏಕಾಂತವೇ ಹೆಚ್ಚು. ದುಬೈಯಲ್ಲಿಯೇ ಬೆಳೆದು, ಹನ್ನೆರಡನೆಯ ತರಗತಿಯ ಅನಂತರ ತನ್ನದೆಂದು ಹೇಳಲಾಗುವ, ಆದರೆ ತನಗೆ ಅಪರಿಚಿತವಾದ ಊರಿಗೆ ಓದಲು ಹೋಗುವ ಮಗುವಿನ ದಿಗಿಲನ್ನು ವಿಮಾನ ನಿಲ್ದಾಣದ ಬೀಳ್ಕೊಡುಗೆಯಲ್ಲಿ ಯಾರೂ ಕೇಳುವುದಿಲ್ಲ.

ಈ ಭಯದಲ್ಲಿ ಒಂದಂಶ ಮಾಹಿತಿಯ ಕೊರತೆಯಿಂದ ಹುಟ್ಟಿದ್ದು. ವಾಸದ ವೀಸಾಕ್ಕಾಗಿ ನಡೆಯುವ ವೈದ್ಯಕೀಯ ಪರೀಕ್ಷೆ ಕ್ಷಯದಂಥ ಸಾಂಕ್ರಾಮಿಕ ರೋಗಗಳಿಗೆ ಸಂಬಂಧಿಸಿದ್ದು. ಖಿನ್ನತೆಗೆ ಔಷಧ ಪಡೆಯುತ್ತಿರುವಿರಾ ಎಂದು ಹುಡುಕುವ ಪರೀಕ್ಷೆ ಅದಲ್ಲ. ಮೇಲಾಗಿ, 1981ರ ಹಳೆಯ ಕಾನೂನಿನ ಬದಲಿಗೆ ಬಂದ 2023ರ 10ನೇ ಸಂಖ್ಯೆಯ ಒಕ್ಕೂಟ ಕಾನೂನು 2024ರ ಮೇ 30ರಿಂದ ಜಾರಿಯಲ್ಲಿದೆ. ರೋಗಿಯ ಮಾಹಿತಿಯನ್ನು ಗೋಪ್ಯವಾಗಿಡಬೇಕೆಂದೂ, ವಿಶೇಷ ವೈದ್ಯಕೀಯ ಸಮಿತಿಯ ವರದಿಯಿಲ್ಲದೆ ಮಾನಸಿಕ ಅಸ್ವಸ್ಥತೆಯ ಕಾರಣಕ್ಕೆ ಯಾರನ್ನೂ ಕೆಲಸದಿಂದ ತೆಗೆಯಬಾರದೆಂದೂ ಅದು ವಿಧಿಸುತ್ತದೆ. ಕಾನೂನು ಬಂದ ಮಾತ್ರಕ್ಕೆ ಎಲ್ಲ ಮಾಲೀಕರ ಮನಸ್ಸು ಬದಲಾಗಿದೆ ಎಂದು ನಾವು ಹೇಳಲಾರೆವು. ಆದರೆ ಇರುವ ರಕ್ಷಣೆ ತಿಳಿದಿಲ್ಲವೆಂಬ ಕಾರಣಕ್ಕೆ ಒಬ್ಬರು ಚಿಕಿತ್ಸೆಯಿಂದ ದೂರ ಉಳಿಯಬಾರದು. ಈ ತಿಳಿವಳಿಕೆಯನ್ನು ಕನ್ನಡದಲ್ಲಿ ಮನೆಮನೆಗೆ ಮುಟ್ಟಿಸುವುದೇ ಮಾನಸಿಕ ಆರೋಗ್ಯದ ಪರ ನಿಲ್ಲುವವರ ಮೊದಲ ಕೆಲಸ.

ಇದು ವೈದ್ಯರ ಕೆಲಸವಲ್ಲವೇ, ಅರ್ಧ ತಿಳಿವಳಿಕೆಯವರು ಕೈಹಾಕಿದರೆ ಅಪಾಯವಲ್ಲವೇ ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಇದಕ್ಕೆ ಉತ್ತರ ನಮ್ಮ ನಾಡಿನ ಅನುಭವದಲ್ಲಿಯೇ ಇದೆ. 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆಗಳನ್ನು ಗುರುತಿಸುವ ತರಬೇತಿ ನೀಡಿತು. ಆ ಪ್ರಯೋಗವೇ 1996ರಲ್ಲಿ ಆರಂಭವಾದ ರಾಷ್ಟ್ರೀಯ ಮಟ್ಟದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಅದೇ ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್ ನೂರಕ್ಕೂ ಹೆಚ್ಚು ಕನ್ನಡ ಪುಸ್ತಕಗಳನ್ನು ಬರೆದರು. ಗೃಹಿಣಿಯರು, ಶಿಕ್ಷಕರು, ನಿವೃತ್ತರಂಥ ಸಾಮಾನ್ಯ ಜನರನ್ನು ಆಪ್ತಸಲಹೆಗೆ ಸಿದ್ಧಗೊಳಿಸಿದರು. 2024ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ತಜ್ಞರ ಬಳಿಗೆ ದಾರಿ ತೋರಿಸಲು ಎಲ್ಲರೂ ತಜ್ಞರೇ ಆಗಬೇಕಿಲ್ಲ ಎಂಬುದಕ್ಕೆ ಇವೆರಡೂ ಸಾಕ್ಷಿ.

ಹಾಗಾದರೆ ಅಂಥವರು ಏನು ಮಾಡಬೇಕು? ವಿಶ್ವ ಆರೋಗ್ಯ ಸಂಸ್ಥೆಯು 2011ರಲ್ಲಿ ಪ್ರಕಟಿಸಿದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯ ಸಾರ ಮೂರು ಮಾತು: ನೋಡಿ, ಕೇಳಿ, ಜೋಡಿಸಿ. ನಮ್ಮವರು ಖಿನ್ನತೆ ಎಂಬ ಪದ ಬಳಸುವುದು ಅಪರೂಪ. ಎದೆ ಭಾರ, ನಿದ್ದೆ ಇಲ್ಲ, ಊಟ ರುಚಿಸದು, ಯಾವುದೂ ಬೇಡವೆನ್ನಿಸುತ್ತದೆ ಎನ್ನುತ್ತಾರೆ. ವಾರಗಟ್ಟಲೆ ಇದೇ ಮಾತು ಕೇಳಿಬಂದರೆ ಗಮನಿಸಬೇಕು. ಉಪದೇಶಕ್ಕೆ ಇಳಿಯದೆ ಆಲಿಸಬೇಕು. ಬದುಕು ಮುಗಿಸುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಲು ಅಂಜಬಾರದು. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೊತ್ತವರ ಭಾರ ಇಳಿಯಬಹುದು. ಹೌದೆಂದರೆ ಅವರನ್ನು ಒಂಟಿಯಾಗಿ ಬಿಡದೆ ನೆರವು ಕರೆಯಬೇಕು. ಆಂಬ್ಯುಲೆನ್ಸ್‌ಗೆ 998. ಭಾರತೀಯ ದೂತಾವಾಸದ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರಕ್ಕೆ 80046342. ಇದು ಹಗಲಿರುಳೂ ಉಚಿತ. ಊರಿನಲ್ಲಿರುವ ತಂದೆತಾಯಿಗಾಗಿ, ಓದುವ ಮಕ್ಕಳಿಗಾಗಿ ಟೆಲಿ ಮಾನಸ್ ಸೇವೆಯ 14416 ಇದೆ. ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು.

ಮಾಡಬಾರದ ಕೆಲಸಗಳೂ ಅಷ್ಟೇ ಮುಖ್ಯ. ರೋಗದ ಹೆಸರು ಹೇಳಬಾರದು, ಮಾತ್ರೆ ಸೂಚಿಸಬಾರದು. ಊರಿನಿಂದ ಬರುವವರ ಕೈಯಲ್ಲಿ ನಿದ್ದೆಯ ಅಥವಾ ಆತಂಕದ ಮಾತ್ರೆ ತರಿಸಿಕೊಡುವ ಉಪಕಾರಕ್ಕಂತೂ ಹೋಗಲೇಬಾರದು. ಅಂಥ ಅನೇಕ ಔಷಧಗಳು ಇಲ್ಲಿ ನಿಯಂತ್ರಿತ ಪಟ್ಟಿಯಲ್ಲಿವೆ. ತನಗಾಗಿ ತರುವವರೂ ಸರ್ಕಾರದ ಪೂರ್ವಾನುಮತಿ ಪಡೆಯಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಕೇಳಿದ ಮಾತು ವಾಟ್ಸ್ಆ್ಯಪ್ ಗುಂಪಿಗೂ ಹಬ್ಬದ ಊಟದ ಪಂಕ್ತಿಗೂ ತಲುಪಕೂಡದು. ಎಲ್ಲರೂ ಎಲ್ಲರನ್ನೂ ಬಲ್ಲ ನಮ್ಮ ಸಣ್ಣ ಸಮುದಾಯದಲ್ಲಿ ಒಂದು ಗುಟ್ಟು ಹೊರಬಿದ್ದರೆ, ಮುಂದೆ ಹತ್ತು ಮಂದಿ ಬಾಯಿ ಬಿಡುವುದಿಲ್ಲ.

ಕ್ರೀಡೆಗೆ, ಸಂಸ್ಕೃತಿಗೆ, ಮಕ್ಕಳ ಪಾಠಶಾಲೆಗೆ ಸಮಿತಿಗಳಿವೆ. ಮುಂದಿನ ಕಾರ್ಯಕಾರಿ ಸಭೆಯಲ್ಲಿ ಇದಕ್ಕೂ ಒಂದು ಸಣ್ಣ ಸಮಿತಿ ರಚನೆಯಾಗಲಿ: ಕನಿಷ್ಠ ಇಬ್ಬರು ಮಹಿಳೆಯರು, ಕಾರ್ಮಿಕ ವಸತಿಗಳ ಪರಿಚಯವಿರುವ ಒಬ್ಬರು, ಹದಿಹರೆಯದವರು ನಂಬುವ ಒಬ್ಬರು. ಇಲ್ಲಿ ಪರವಾನಗಿ ಪಡೆದಿರುವ ಮನೋವೈದ್ಯರಿಂದ ಅವರಿಗೆ ತರಬೇತಿ ದೊರೆಯಲಿ; ಕನ್ನಡದ ಜೊತೆಗೆ ತುಳು, ಬ್ಯಾರಿ, ಕೊಂಕಣಿ ಬಲ್ಲವರೂ ಅವರಲ್ಲಿರಲಿ. ನೋವು ಮೊದಲು ಹೊರಬರುವುದು ಮನೆಮಾತಿನಲ್ಲಿ. ಅದನ್ನು ಕೇಳಿಸಿಕೊಳ್ಳುವ ಶಕ್ತಿ ಯಾವ ಆಸ್ಪತ್ರೆಗಿಂತಲೂ ಹೆಚ್ಚಾಗಿ ಇಂಥ ಸಂಘಕ್ಕಿದೆ. ಈ ಕಾರ್ಯಕ್ಕೆ ಆಸಕ್ತಿಯುಳ್ಳ ಸದಸ್ಯರು ಸಭೆಗೆ ಮುನ್ನವೇ ಕಾರ್ಯದರ್ಶಿಯವರಿಗೆ ತಮ್ಮ ಹೆಸರು ತಿಳಿಸಬೇಕೆಂದು ವಿನಂತಿಸುತ್ತೇವೆ.