ತಪ್ಪು ಮಾಡದವನಿಗೆ ಕ್ಷಮಾದಾನ

ಹೆನ್ರಿ ಫ್ಲಿಪ್ಪರ್ ಕಳ್ಳನಲ್ಲ ಎಂದು ಅವನನ್ನು ವಿಚಾರಣೆ ಮಾಡಿದ ಸೇನಾ ನ್ಯಾಯಾಲಯವೇ ಒಪ್ಪಿತ್ತು. ಹಣ ನುಂಗಿದ ಆರೋಪ ನಿಲ್ಲಲಿಲ್ಲ. ಆದರೂ ‘ಅಧಿಕಾರಿಗೆ ತಕ್ಕುದಲ್ಲದ ನಡತೆ’ ಎಂಬ ಇನ್ನೊಂದು ಕುಣಿಕೆ ಹಾಕಿ 1882ರ ಜೂನ್ 30ರಂದು ಅವನನ್ನು ಅಮೆರಿಕದ ಸೈನ್ಯದಿಂದ ಆಚೆ ನೂಕಿದರು.

ಅವನು 1856ರಲ್ಲಿ ಜಾರ್ಜಿಯಾದಲ್ಲಿ ಗುಲಾಮನಾಗಿ ಹುಟ್ಟಿದವನು. 1877ರಲ್ಲಿ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಿಂದ ಪಾಸಾಗಿ ಹೊರಬಂದ ಮೊದಲ ಕಪ್ಪು ಅಧಿಕಾರಿ. ಅಲ್ಲಿ ಕದ್ದು ಮಾತಾಡಿಸಿದ ಬಿಳಿಯ ಸಹಪಾಠಿಗಳೂ ನಾಲ್ಕು ಜನರ ಎದುರು ಮುಖ ತಿರುಗಿಸುತ್ತಿದ್ದರು. ನಮ್ಮೂರ ಹೋಟೆಲುಗಳಲ್ಲಿ ಬೇರೆ ಲೋಟ ಹಿಡಿದು ಹೊರಗೆ ನಿಂತವರಿಗೆ ಆ ಬಹಿಷ್ಕಾರವನ್ನು ಯಾರೂ ವಿವರಿಸಬೇಕಿಲ್ಲ. ಅಧಿಕಾರಿಯಾದ ಮೇಲೆ ಫೋರ್ಟ್ ಸಿಲ್ ಸೇನಾ ಠಾಣೆಯಲ್ಲಿ ನಿಂತ ನೀರಿನಿಂದ ಮಲೇರಿಯಾ ಹಬ್ಬಿದಾಗ ಕಾಲುವೆ ತೋಡಿಸಿ ನೀರು ಹರಿಸಿದವನೂ ಅವನೇ. ಆ ಕಾಲುವೆಗೆ ಇವತ್ತಿಗೂ ಅವನದೇ ಹೆಸರು.

1881ರಲ್ಲಿ ಟೆಕ್ಸಾಸ್‌ನ ಫೋರ್ಟ್ ಡೇವಿಸ್‌ನಲ್ಲಿ ದಿನಸಿ ಉಗ್ರಾಣದ ಲೆಕ್ಕ ಅವನ ಕೈಯಲ್ಲಿತ್ತು. ಹಣ ಕಡಿಮೆ ಬಂತು. ಹೆದರಿ ಸುಳ್ಳು ಹೇಳಿದ, ಅದು ನಿಜ. ಮೇಲಧಿಕಾರಿ ಕರ್ನಲ್ ಶಾಫ್ಟರ್ ಅವನನ್ನು ಪುಂಡ ಸಿಪಾಯಿಗಳನ್ನು ಕೂಡಿಹಾಕುವ ಇಕ್ಕಟ್ಟಿನ ಕೋಣೆಗೆ ತಳ್ಳಿದ. ಊರಿನ ವರ್ತಕರು, ಗೆಳೆಯರು ಕೈಯಿಂದ ದುಡ್ಡು ಹಾಕಿ ಕೊರತೆ ತುಂಬಿದರು. ಸರ್ಕಾರದ ಹಣ ಸರ್ಕಾರಕ್ಕೆ ಬಂತು! ವಜಾ ಮಾಡುವಂಥ ತಪ್ಪಲ್ಲ ಎಂದು ಸೈನ್ಯದ ಮುಖ್ಯ ಕಾನೂನು ಅಧಿಕಾರಿಯೇ ಬರೆದ. ಅಧ್ಯಕ್ಷ ಚೆಸ್ಟರ್ ಆರ್ಥರ್ ಆ ಮಾತಿಗೆ ಕಿವಿಗೊಡದೆ ವಜಾಕ್ಕೆ ಸಹಿ ಹಾಕಿದ.

ಆಮೇಲೆ ಫ್ಲಿಪ್ಪರ್ ಸರ್ವೆ ಮಾಡಿದ, ಗಣಿಗಳಲ್ಲಿ ಎಂಜಿನಿಯರಾಗಿ ದುಡಿದ, ಸ್ಪ್ಯಾನಿಷ್ ಭೂದಾಖಲೆಗಳನ್ನು ಅನುವಾದಿಸಿದ. ಹೊಟ್ಟೆಪಾಡಿಗೇನೂ ಕಡಿಮೆಯಾಗಲಿಲ್ಲ. ಅವನಿಗೆ ಬೇಕಿದ್ದದ್ದು ಕಳೆದುಹೋದ ಹೆಸರು. 1898ರಿಂದ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಬಾಗಿಲು ತಟ್ಟಿದ. ಒಂದರ ಹಿಂದೊಂದು ಮಸೂದೆ ಬಿದ್ದುಹೋಯಿತು. 1940ರಲ್ಲಿ ಅಟ್ಲಾಂಟಾದಲ್ಲಿ ಸತ್ತಾಗ ಅವನು ಇನ್ನೂ ಸೈನ್ಯದ ಪಾಲಿಗೆ ವಜಾ ಆದವನೇ.

1976ರಲ್ಲಿ ಸೇನೆಯ ಮಂಡಳಿ ಶಿಕ್ಷೆ ಅನ್ಯಾಯದ್ದು ಎಂದು ಒಪ್ಪಿ, ಅವನಿಗೆ ಗೌರವದ ಬಿಡುಗಡೆ ಕೊಟ್ಟಿತು. ತೀರ್ಪು ಅಳಿಸುವ ಅಧಿಕಾರ ಮಾತ್ರ ತನಗಿಲ್ಲವೆಂದಿತು. 1999ರ ಫೆಬ್ರವರಿ 19ರಂದು ಅಧ್ಯಕ್ಷ ಕ್ಲಿಂಟನ್ ಕ್ಷಮಾದಾನ ಘೋಷಿಸಿದರು.

ಯಾರಿಗೆ ಯಾರು ಕೊಟ್ಟ ಕ್ಷಮೆ ಇದು? ಕ್ಷಮಾದಾನ ಪಡೆಯುವವನು ಕಾನೂನಿನ ಕಣ್ಣಲ್ಲಿ ಅಪರಾಧಿ. ಫ್ಲಿಪ್ಪರ್ ಬದುಕಿಡೀ ಕೇಳಿದ್ದು ದಯೆಯನ್ನಲ್ಲ, ತನ್ನ ಹುದ್ದೆ ಮತ್ತು ಮರ್ಯಾದೆಯನ್ನು. ಕಪ್ಪು ಮನುಷ್ಯನನ್ನು ಬಲಿಹಾಕಿದವರು ಅವನು ಸತ್ತ ಸುಮಾರು ಐವತ್ತೊಂಬತ್ತು ವರ್ಷದ ಮೇಲೆ ತಾವೇ ಎತ್ತರದ ಪೀಠದಲ್ಲಿ ಕೂತು ಕ್ಷಮಿಸುವುದನ್ನು ನಾನು ನ್ಯಾಯ ಎಂದು ಒಪ್ಪಲಾರೆ. ಆ ತೀರ್ಪನ್ನೇ ರದ್ದು ಮಾಡಬೇಕು.